ನಳದಿಂದ ಲೋಟದ ತನಕ

ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ನಸುಕಿನ ನಾಲ್ಕು ಗಂಟೆಗೆ ಯಾರಾದರೊಬ್ಬರು ‘ನಳ ಬಂತ್ರೀ’ ಎಂದು ಕೂಗಿದರೆ ಸಾಕು, ಹತ್ತು ಮನೆಗಳ ದೀಪ ಒಟ್ಟಿಗೆ ಹತ್ತುತ್ತವೆ. ಮನೆ ಮುಂದಿನ ಕಲ್ಲುಚಪ್ಪಡಿ ಸರಿಸಿದರೆ ಕೆಳಗೊಂದು ಗುಂಡಿ. ನೀರಿನ ಒತ್ತಡ ಸಾಲದೆ ನೆಲದ ಮೇಲಿನ ನಳಕ್ಕೆ ನೀರು ಏರುವುದಿಲ್ಲವೆಂದು ನಳವನ್ನೇ ನೆಲದೊಳಗೆ ಇಳಿಸಿದ ಗುಂಡಿ ಅದು. ತಳದಲ್ಲಿ ಹಿಂದಿನ ಸಲದ ನೀರು ನಿಂತು ಪಾಚಿ ಕಟ್ಟಿರುತ್ತದೆ. ಎರಡು ಮೊಳದಾಚೆ ಗಟಾರ. ಹೆಣ್ಣುಮಗಳೊಬ್ಬಳು ಸೀರೆ ಎತ್ತಿ ಕಟ್ಟಿ ಗುಂಡಿಗಿಳಿದು ಕೊಡ ಹಿಡಿಯುತ್ತಾಳೆ, ಮೇಲೆ ನಿಂತ ಮಗ ಒಂದೊಂದಾಗಿ ಕೊಡ ಎತ್ತಿಕೊಳ್ಳುತ್ತಾನೆ. ಪಕ್ಕದ ಮನೆಯವರು ನಳಕ್ಕೆ ಮೋಟರು ಹಚ್ಚಿದ ಕೂಡಲೇ ಇಲ್ಲಿ ಧಾರೆ ಸಣ್ಣದಾಗುತ್ತದೆ. ಗುಂಡಿಯ ನೀರಿನಲ್ಲಿ ಅರ್ಧ ಮುಳುಗಿದ ನಳ ಒಮ್ಮೊಮ್ಮೆ ನೀರು ಕೊಡುವುದನ್ನು ಬಿಟ್ಟು, ಗೊರ್ ಎಂದು ತಾನೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಕಾಯಿಲೆ ಶುರುವಾಗುವುದು ಆ ಗೊರ್ ಸದ್ದಿನಲ್ಲಿ. ಪೈಪಿನೊಳಗೆ ಒತ್ತಡ ಇರುವಷ್ಟು ಹೊತ್ತು ಬಿರುಕುಗಳಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ನುಗ್ಗಲಾರದು. ಒತ್ತಡ ಬಿದ್ದಾಗ, ಅದರಲ್ಲೂ ಮೋಟರು ಎಳೆಯುವಾಗ, ಇದು ತಿರುಗುಮುರುಗಾಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ದಾಟಿ ಒಮ್ಮೆ ನೀರು ಬಿಡುವ ಊರುಗಳಲ್ಲಿ ಉಳಿದ ದಿನಗಳೆಲ್ಲ ಪೈಪು ಗಟಾರದ ಪಕ್ಕ ಖಾಲಿ ಬಿದ್ದಿರುತ್ತದೆ. ಒಳಗೆ ಏನೇನು ಇಳಿದಿರುತ್ತದೋ ಅದೆಲ್ಲ ನೀರು ಬಿಟ್ಟ ದಿನ ಮೊದಲ ಕೊಡಕ್ಕೆ ಬಂದು ಬೀಳುತ್ತದೆ. ‘ಮೊದಲಿನ ನೀರು ಬಚ್ಚಲಕ್ಕ ಹಾಕ್ರಿ, ಕುಡಿಯಾಕ ಹಿಂದಿಂದ ಹಿಡೀರಿ’ ಎಂದು ಓಣಿಯ ಹಿರಿಯ ಹೆಂಗಸರು ಹೇಳುವುದು ಸುಮ್ಮನೆ ಅಲ್ಲ. ಅದೇ ಓಣಿಗಳ ನಳದ ನೀರನ್ನು ಪ್ರಯೋಗಾಲಯಕ್ಕೆ ಒಯ್ದು ನೋಡಿದವರೂ ಮುಂದೆ ಅದನ್ನೇ ಹೇಳಿದರು.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಹರಿಸುವ ವ್ಯವಸ್ಥೆ ಬಂತು. ಉಳಿದ ವಾರ್ಡುಗಳಲ್ಲಿ ಹಳೆಯ ಪದ್ಧತಿಯೇ ಮುಂದುವರಿಯಿತು. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ಪೂರೈಕೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದ ನಳಗಳ ನೀರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿಗೆ ಮಲ ಸೇರಿದೆ ಎಂಬುದರ ಗುರುತು ಇ-ಕೊಲಿ ಬ್ಯಾಕ್ಟೀರಿಯಾ. ಸದಾ ನೀರು ಹರಿಯುವ ನಳಗಳ ಮಾದರಿಗಳಲ್ಲಿ ಅದು ಸಿಕ್ಕಿದ್ದು ನೂರಕ್ಕೆ ಒಂದೂ ಇಲ್ಲ, ಶೇ 0.7 ಮಾತ್ರ. ಆಗೊಮ್ಮೆ ಈಗೊಮ್ಮೆ ನೀರು ಬರುವ ನಳಗಳಲ್ಲಿ ಶೇ 31.7. ಮೂರು ಮಾದರಿಗೆ ಹೆಚ್ಚುಕಡಿಮೆ ಒಂದರಲ್ಲಿ ಮಲದ ಅಂಶ! ನೀರು ಬಿಟ್ಟ ಕೂಡಲೇ ಬರುವ ಮೊದಲ ಧಾರೆ ಹೆಚ್ಚು ಕೆಟ್ಟಿರುತ್ತದೆ ಎಂಬುದನ್ನೂ ಅವರು ಮುಂದಿನ ವರ್ಷ ತೋರಿಸಿದರು.

ಇಷ್ಟಕ್ಕೇ ನಿಂತಿದ್ದರೆ ದೋಷವನ್ನೆಲ್ಲ ಪಾಲಿಕೆಯ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ಆದರೆ 2013ರ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಎರಡೂ ಬಗೆಯ ವಾರ್ಡುಗಳಲ್ಲಿ ನಳದಿಂದ ನೇರವಾಗಿ ಹಿಡಿದ ನೀರಿಗಿಂತ ಮನೆಯೊಳಗೆ ತುಂಬಿಟ್ಟ ಕುಡಿಯುವ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದವು. 24 ಗಂಟೆ ನೀರು ಬರುವ ಮನೆಗಳಲ್ಲೂ ಹೆಚ್ಚಿನವರು ಕೊಡದಲ್ಲಿ ತುಂಬಿಟ್ಟೇ ಕುಡಿಯುತ್ತಿದ್ದರು. ದಶಕಗಳ ಕಾಲ ನೀರಿಗಾಗಿ ಕಾದವರು ನಳವನ್ನು ಒಂದೆರಡು ವರ್ಷದಲ್ಲಿ ನಂಬಿಬಿಡುತ್ತಾರೆಯೇ? ಹೀಗೆ ಶುದ್ಧವಾಗಿ ಬಂದ ನೀರು ಅಡುಗೆಮನೆಯ ಕಟ್ಟೆಯ ಮೇಲೆ ಕೆಟ್ಟಿತು. 2015ರಲ್ಲಿ ಪ್ರಕಟವಾದ, ಇದೇ ಅವಳಿ ನಗರದ ಸುಮಾರು 4 ಸಾವಿರ ಮನೆಗಳ ಆರೋಗ್ಯ ಅಧ್ಯಯನದಲ್ಲೂ ಇದರ ನೆರಳಿದೆ: ಸದಾ ನೀರು ಬರುವ ಕಡೆ ಟೈಫಾಯ್ಡ್ ಕಡಿಮೆ ಇತ್ತು, ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು, ಆದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನೀರಿನ ಬಗ್ಗೆ ನಮ್ಮ ಚರ್ಚೆಯೆಲ್ಲ ಕಾವೇರಿ, ಮಲಪ್ರಭಾ, ತುಂಗಭದ್ರೆಯ ಸುತ್ತಲೇ ಸುತ್ತುತ್ತದೆ. ನದಿಯಿಂದ ನಳದವರೆಗಿನ ಹತ್ತಾರು ಕಿಲೋಮೀಟರಿಗೆ ಕೋಟಿಗಟ್ಟಲೆ ಸುರಿಯುತ್ತೇವೆ. ನಳದಿಂದ ಲೋಟದ ತನಕ ಇರುವ ಹತ್ತು ಹೆಜ್ಜೆಗೆ ಯಾರೂ ದಿಕ್ಕಿಲ್ಲ. ಮನೆಯ ಕೊಡ, ಸಂಪು, ತಾರಸಿಯ ಟ್ಯಾಂಕು, ಇಪ್ಪತ್ತು ಲೀಟರಿನ ಕ್ಯಾನು ಎಲ್ಲವೂ ಒಂದೊಂದು ನೀರಿನ ಮೂಲ. ಬಾವಿಯನ್ನೋ ಕೆರೆಯನ್ನೋ ಕಾಯುವ ಹಾಗೆ ಅವನ್ನೂ ಕಾಯಬೇಕಾಗಿದೆ.

ಊರಿಗೆ ಊರೇ ಆಸ್ಪತ್ರೆ ಸೇರಿದಾಗ ಮಾತ್ರ ನೀರು ಮುಖಪುಟಕ್ಕೆ ಬರುತ್ತದೆ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಅಂಚಿನ ಕವಾಡಿಗರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಆಸ್ಪತ್ರೆಗೆ ದಾಖಲಾದರು, ಕನಿಷ್ಠ ಐದು ಜೀವ ಹೋಯಿತು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ.ಸಾಲುಂಡಿಯಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಊರು ಹಾಸಿಗೆ ಹಿಡಿಯಿತು, ಯುವಕನೊಬ್ಬ ತೀರಿಕೊಂಡ. ಪ್ರತಿ ಸಲವೂ ಟ್ಯಾಂಕರು ಬಂತು, ಪರಿಹಾರ ಘೋಷಣೆಯಾಯಿತು, ಯಾರೋ ಅಮಾನತಾದರು. ಆದರೆ ಮಳೆಗಾಲದುದ್ದಕ್ಕೂ ಮನೆ ಮನೆಯಲ್ಲಿ ಒಬ್ಬೊಬ್ಬರಾಗಿ ಮಲಗುವವರಿಗೆ ಇದ್ಯಾವುದೂ ಇಲ್ಲ. ಮಗುವಿಗೆ ಭೇದಿ, ಅಜ್ಜಿಗೆ ಟೈಫಾಯ್ಡ್, ಸೊಸೆಗೆ ಕಾಮಾಲೆ. ‘ಹವಾ ಬದಲಾಗಿದೆ’ ಎಂದು ಮನೆಯವರೇ ಸಮಾಧಾನ ಹೇಳಿಕೊಳ್ಳುತ್ತಾರೆ.

ಕಾಮಾಲೆಯ ವಿಷಯವನ್ನು ಬಿಡಿಸಿ ಹೇಳಲೇಬೇಕು. ನೀರಿನಿಂದ ಹರಡುವ ಹೆಪಟೈಟಿಸ್-ಇ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ಕಾಯಿಲೆ. ತುಂಬು ಬಸುರಿಗೆ ತಗುಲಿದರೆ ಹಾಗಲ್ಲ. ಕೊನೆಯ ಮೂರು ತಿಂಗಳಲ್ಲಿ ಸೋಂಕಿಗೆ ಸಿಕ್ಕವರಲ್ಲಿ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಜನರವರೆಗೆ ಪ್ರಾಣ ಕಳೆದುಕೊಳ್ಳಬಹುದು. 1955ರ ಡಿಸೆಂಬರ್‌ನಿಂದ ಮರುವರ್ಷದ ಜನವರಿಯೊಳಗೆ ದೆಹಲಿಯಲ್ಲಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂತು. ಯಮುನೆಯಿಂದ ನೀರೆತ್ತುವ ಜಾಗಕ್ಕೇ ಕೊಳಚೆ ಹರಿದು ಬಂದಿತ್ತು. ಅದಕ್ಕೆ ಕಾರಣವಾದದ್ದು ಹೆಪಟೈಟಿಸ್-ಇ ವೈರಸ್ ಎಂಬುದು ಗೊತ್ತಾಗಿದ್ದು ದಶಕಗಳ ನಂತರ. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಅವಳ ಊಟದಷ್ಟೇ ಅವಳು ಕುಡಿಯುವ ನೀರಿನ ಮೇಲೂ ಕಣ್ಣಿಡಬೇಕು. ಬಯಕೆ ತೀರಿಸಲು ಹತ್ತು ಬಗೆಯ ಅಡುಗೆ ಮಾಡುವ ನಮ್ಮ ಮನೆಗಳಲ್ಲಿ ಅವಳಿಗಾಗಿ ನೀರು ಕಾಯಿಸಿ ಆರಿಸುವ ರೂಢಿ ಇನ್ನೂ ಬಂದಿಲ್ಲ.

ಮನೆಯೊಳಗೆ ನೀರು ಕೆಡುವುದು ಹೇಗೆ? ಅಡುಗೆಮನೆಯ ಮೂಲೆಯಲ್ಲಿ ಅಗಲ ಬಾಯಿಯ ಸ್ಟೀಲ್ ಡಬರಿ, ಮೇಲೊಂದು ತಾಟು, ತಾಟಿನ ಮೇಲೊಂದು ಲೋಟ. ಹೊರಗಿನಿಂದ ಓಡಿ ಬಂದ ಹುಡುಗ ತಾಟು ಸರಿಸಿ, ಲೋಟ ಅದ್ದಿ, ಗಟಗಟ ಕುಡಿದು ಉಳಿದದ್ದನ್ನು ಅಲ್ಲೇ ಚೆಲ್ಲಿ ಹೋಗುತ್ತಾನೆ. ಅವನ ನಾಲ್ಕು ಬೆರಳು ಗೆಣ್ಣಿನವರೆಗೆ ನೀರಿನಲ್ಲಿ ಮುಳುಗಿದ್ದವು. ಸ್ವಲ್ಪ ಹೊತ್ತಿಗೆ ಮುಂಚೆ ತಂಗಿಗೆ ಭೇದಿಯಾಗಿ ತಾಯಿ ಅವಳನ್ನು ತೊಳೆದು, ಗಡಿಬಿಡಿಯಲ್ಲಿ ಸೆರಗಿಗೆ ಕೈ ಒರೆಸಿಕೊಂಡು, ಇದೇ ಡಬರಿಯಿಂದ ಸಾರಿಗೆ ನೀರು ತೆಗೆದಿದ್ದಳು. ನೀರು ತಿಳಿಯಾಗಿಯೇ ಇದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಕಾಯಿಲೆ ಹರಡಲು ಅಷ್ಟು ಸಾಕು.

ಇದನ್ನು ತಡೆಯಬಹುದೇ ಎಂದು ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಕಾಲರಾ ಬಂದ ಮನೆಗಳನ್ನೇ ಆರಿಸಿಕೊಂಡು ವೈದ್ಯವಿಜ್ಞಾನಿಗಳು ಪರೀಕ್ಷಿಸಿದ್ದರು. ಕೆಲವು ಮನೆಗಳಿಗೆ ‘ಸೊರಾಯ್’ ಎಂಬ ಕಿರಿಗತ್ತಿನ ಮಣ್ಣಿನ ಪಾತ್ರೆ ಕೊಟ್ಟರು. ಕೆಲವು ಮನೆಗಳ ನೀರಿಗೆ ಕ್ಲೋರಿನ್ ಹಾಕಿದರು. ಉಳಿದ ಮನೆಗಳನ್ನು ಇದ್ದ ಹಾಗೇ ಬಿಟ್ಟರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಲೆಕ್ಕ ಹೀಗಿದೆ: ಇದ್ದ ಹಾಗೇ ಬಿಟ್ಟ ಮನೆಗಳಲ್ಲಿ ರೋಗಿಯ ಜೊತೆಗಿದ್ದವರಲ್ಲಿ ಶೇ 17.3ರಷ್ಟು ಮಂದಿಗೆ ಸೋಂಕು ತಗುಲಿತ್ತು, ಕ್ಲೋರಿನ್ ಹಾಕಿದ ಮನೆಗಳಲ್ಲಿ ಶೇ 7.3, ಸೊರಾಯ್ ಬಳಸಿದ ಮನೆಗಳಲ್ಲಿ ಶೇ 4.4. ಸೊರಾಯ್ ಎಂದರೆ ನಮ್ಮ ಹೂಜಿಯೇ. ಅದರ ಬಾಯೊಳಗೆ ಕೈ ತೂರದು, ಲೋಟ ಇಳಿಯದು, ಬಗ್ಗಿಸಿಯೇ ನೀರು ಸುರಿದುಕೊಳ್ಳಬೇಕು. ಅದರ ವೈದ್ಯವೆಲ್ಲ ಇಷ್ಟೇ. ಕುಂಬಾರರ ಅಂಗಡಿಯಲ್ಲಿ ಸಿಗುವ ಹೂಜಿ, ಕೆಳಗೆ ನಲ್ಲಿ ಕೂರಿಸಿದ ಮಣ್ಣಿನ ಮಡಕೆ, ಹಿಡಿಕೆ ಉದ್ದವಿರುವ ಸೌಟು, ಇವುಗಳಲ್ಲಿ ಒಂದಿದ್ದರೂ ಆ ಹುಡುಗನ ಬೆರಳು ನೀರಿಗೆ ತಾಗುತ್ತಿರಲಿಲ್ಲ.

ಹಳೇ ಮೈಸೂರಿನ ಕಡೆಯ ಪಟ್ಟಣಗಳಲ್ಲಿ ಮನೆಯ ಸಂಪು ಕಾಂಪೌಂಡಿನೊಳಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿರುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಜಾಗ ಎಲ್ಲಿದೆ? ಒಂದು ಬದಿಗೆ ಸಂಪು, ನಾಲ್ಕಡಿ ಆಚೆಗೆ ಒಳಚರಂಡಿಯ ಚೇಂಬರ್. ಜೋರು ಮಳೆಗೆ ಚೇಂಬರ್ ಉಕ್ಕುತ್ತದೆ. ನೆಲದ ಮಟ್ಟಕ್ಕೇ ಕೂರಿಸಿದ ಸಂಪಿನ ಮುಚ್ಚಳದ ಸಂದಿಯಿಂದ ಆ ನೀರು ಒಳಗಿಳಿಯುತ್ತದೆ. ಅದೇ ಮುಚ್ಚಳದ ಮೇಲೆ ಸ್ಕೂಟರ್ ತೊಳೆಯುವವರಿದ್ದಾರೆ, ನಾಯಿ ಕಟ್ಟುವವರಿದ್ದಾರೆ. ಮನೆ ಕಟ್ಟಿಸುವಾಗ ವಾಸ್ತು ನೋಡಿ ಸಂಪಿನ ದಿಕ್ಕು ಗೊತ್ತುಮಾಡುವವರು ಚೇಂಬರ್ ಎಷ್ಟು ದೂರದಲ್ಲಿದೆ ಎಂದು ಕೇಳುವುದಿಲ್ಲ. ಮುಚ್ಚಳವನ್ನು ನೆಲದಿಂದ ಒಂದಡಿ ಎತ್ತರದ ಕಟ್ಟೆಯ ಮೇಲೆ ಕೂರಿಸಲು ಗಾರೆಯವರಿಗೆ ಅರ್ಧ ದಿನದ ಕೆಲಸ. ಕರಾವಳಿಯ ಬಾವಿಗಳದ್ದೂ ಇದೇ ಕಥೆ. ಬಾವಿಗೂ ಶೌಚಗುಂಡಿಗೂ ನಡುವೆ ಕನಿಷ್ಠ 15 ಮೀಟರ್ ಅಂತರ ಬೇಕೆಂಬುದು ವೈದ್ಯಕೀಯ ಪಠ್ಯಪುಸ್ತಕದ ಮಾತು. ಐದು ಸೆಂಟ್ಸಿನ ಜಾಗದಲ್ಲಿ ಆ ಅಂತರ ಸಿಗುವುದು ಕಷ್ಟ. ನಮ್ಮ ಬಾವಿಗೂ ನಮ್ಮ ಗುಂಡಿಗೂ ಹೇಗೋ ದೂರ ಮಾಡಿಕೊಂಡರೂ ಪಕ್ಕದವರ ಗುಂಡಿ ಬೇಲಿಯಾಚೆಯೇ ಇರುತ್ತದೆ.

ದುಡ್ಡಿದ್ದವರು ಆರ್‌ಒ ಯಂತ್ರ ಹಾಕಿಸಿಕೊಂಡು ನಿಶ್ಚಿಂತರಾಗಿದ್ದಾರೆ. ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಫ್ಲೋರೈಡ್ ಇರುವ ಪಾವಗಡದಂಥ ಸೀಮೆಗೆ ಇವು ಬೇಕೇ ಬೇಕು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲು, ಮೂಳೆ ಎರಡನ್ನೂ ತಿನ್ನುತ್ತದೆ, ಕುದಿಸಿದರೆ ಹೋಗುವುದಿಲ್ಲ. ಆದರೆ ಆರ್‌ಒ ಘಟಕದಿಂದ ಹೊರಬರುವ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಅಂದರೆ ಆ ನೀರಿಗೆ ಮುಂದೆ ಕಾವಲಿಲ್ಲ. ತಿಂಗಳುಗಟ್ಟಲೆ ಒಳಗೆ ಉಜ್ಜದ, ತಳದಲ್ಲಿ ಲೋಳೆ ಕಟ್ಟಿದ ಕ್ಯಾನಿಗೆ ಅದನ್ನು ತುಂಬಿ, ಬೈಕಿನ ಹಿಂದೆ ಕಟ್ಟಿ ತಂದು ನಾಲ್ಕು ದಿನ ಇಟ್ಟು ಕುಡಿದರೆ ಶುದ್ಧೀಕರಿಸಿದ್ದೆಲ್ಲ ವ್ಯರ್ಥ. ಇಪ್ಪತ್ತು ಲೀಟರಿನ ಕ್ಯಾನಿನ ಬಾಯಿ ಕಿರಿದಾಗಿರುವುದು ಒಳ್ಳೆಯದೇ, ಆದರೆ ಉಜ್ಜಲು ಕೈ ಹೋಗುವುದಿಲ್ಲ. ಒಂದು ಹಿಡಿ ಕಲ್ಲುಪ್ಪು, ಸ್ವಲ್ಪ ಬಿಸಿನೀರು ಹಾಕಿ ಜೋರಾಗಿ ಕುಲುಕಿ ತೊಳೆದು, ಬಿಸಿಲಿಗೆ ಬೋರಲು ಹಾಕುವ ಮನೆಗಳೂ ಇವೆ. ಅವರು ಮಾಡುತ್ತಿರುವುದು ಸರಿಯಾಗಿದೆ.

ಬಡವರ ಮನೆಯ ಅಭ್ಯಾಸ ಬದಲಾಗುವುದಿಲ್ಲ, ಹೇಳಿ ಪ್ರಯೋಜನವಿಲ್ಲ ಎನ್ನುವ ಅಧಿಕಾರಿಗಳು ನಾರುಹುಣ್ಣನ್ನು ನೆನಪು ಮಾಡಿಕೊಳ್ಳಬೇಕು. ಉತ್ತರ ಕರ್ನಾಟಕದ ಹಿರಿಯರಿಗೆ ಆ ಹೆಸರು ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಅದರೊಳಗಿಂದ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಿತ್ತು. ತುಂಡಾದರೆ ಕಾಲು ಬಾತು ಕೀವಾಗುತ್ತಿತ್ತು. ಹುಣ್ಣಿನ ಕಾಲಿನವರು ಮೆಟ್ಟಿಲುಬಾವಿಗೆ ಇಳಿದಾಗ ಮರಿಗಳು ನೀರು ಸೇರಿ, ಕಣ್ಣಿಗೆ ಕಂಡೂ ಕಾಣದ ನೀರುಚಿಗಟದ ಹೊಟ್ಟೆಯಲ್ಲಿ ಬೆಳೆದು, ಆ ನೀರು ಕುಡಿದವರ ಮೈ ಹೊಗುತ್ತಿದ್ದವು. ಇದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೊಳವೆಬಾವಿ ಕೊರೆದರು, ಕೊಡದ ಬಾಯಿಗೆ ಒತ್ತಾದ ನೇಯ್ಗೆಯ ಬಟ್ಟೆ ಕಟ್ಟಿ ನೀರು ಸೋಸುವುದನ್ನು ಮನೆ ಮನೆಗೆ ಹೋಗಿ ಹೇಳಿಕೊಟ್ಟರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರುವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಬಟ್ಟೆ ಕಟ್ಟಿದವರು ಇದೇ ಬಡ ಮನೆಗಳ ಹೆಂಗಸರು. ಸರ್ಕಾರ ತನ್ನ ಪಾಲಿನ ಬಾವಿ ಕೆಲಸ ಮಾಡಿತು, ಅವರು ತಮ್ಮ ಪಾಲಿನದನ್ನು ಮಾಡಿದರು.

ಈಗ ಕೊರತೆಯಾಗಿರುವುದು ಆ ಜೋಡಿ ಕೆಲಸ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್, ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಲಕ್ಷಾಂತರ ಹಳ್ಳಿಮನೆಗಳ ಮುಂದೆ ನಲ್ಲಿ ನಿಲ್ಲಿಸಿದೆ. ಅದು ದೊಡ್ಡ ಕೆಲಸ, ಇಲ್ಲವೆನ್ನಲಾಗದು. ಆದರೆ ಲೆಕ್ಕ ಒಪ್ಪಿಸುವಾಗ ಎಷ್ಟು ನಲ್ಲಿ ಎಂದು ಎಣಿಸುತ್ತಾರೆ. ಎಷ್ಟು ಗಂಟೆ ನೀರು, ಎಷ್ಟು ಒತ್ತಡ, ಕೊನೆಯ ಮನೆಯಲ್ಲಿ ಎಷ್ಟು ಕ್ಲೋರಿನ್ ಎಂಬುದು ಆ ಸಭೆಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಗ್ರಾಹಕರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆ ಎರಡು ನಿಮಿಷದ್ದು. ಪುಟ್ಟ ಕೊಳವೆಯಲ್ಲಿ ನೀರು ಹಿಡಿದು ಎರಡು ಹನಿ ದ್ರಾವಣ ಹಾಕಿ, ಹಳದಿ ಬಣ್ಣ ಎಷ್ಟು ಗಾಢವಾಯಿತೆಂದು ಪಕ್ಕದ ಬಣ್ಣಪಟ್ಟಿಗೆ ಹೋಲಿಸಿದರೆ ಆಯಿತು. ಇಂಥ ಕ್ಷೇತ್ರ ಪರೀಕ್ಷೆಗಳಿಗೆಂದು ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕೆಂಬುದು ಮಿಷನ್ನಿನದೇ ನಿಯಮ. ನೀರುಗಂಟಿಯ ಕೋಣೆಗೆ ಹೋದರೆ ಕಾಣುವುದೇ ಬೇರೆ: ಬಾಯಿ ಬಿಚ್ಚಿದ ಬ್ಲೀಚಿಂಗ್ ಪುಡಿಯ ಚೀಲ, ತೇವ ಹೀರಿ ಗಟ್ಟಿಯಾದ ಹೆಂಟೆ. ಗಾಳಿಗೆ ತೆರೆದಿಟ್ಟ ಬ್ಲೀಚಿಂಗ್ ಪುಡಿ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಅದನ್ನೇ ಬೊಗಸೆ ಲೆಕ್ಕದಲ್ಲಿ ಟ್ಯಾಂಕಿಗೆ ಸುರಿದರೆ ವಾಸನೆ ಬಂದೀತು, ಕ್ರಿಮಿ ಸಾಯದು.

ಸರ್ಕಾರ ಎಚ್ಚೆತ್ತುಕೊಳ್ಳುವ ತನಕ ಮನೆಯವರು ಕಾಯಬೇಕಾಗಿಲ್ಲ. ನೀರು ತಳದಿಂದ ಗುಳ್ಳೆ ಎದ್ದು ಕೊತಕೊತ ಕುದಿದರೆ ರೋಗಕಾರಕ ಕ್ರಿಮಿಗಳು ಸಾಯುತ್ತವೆ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಬೇಕು, ಬೇರೆ ಕೊಡಕ್ಕೆ ಸುರಿದರೆ ಕಥೆ ಮೊದಲಿಗೇ ಬರುತ್ತದೆ. ಗ್ಯಾಸು ದುಬಾರಿಯಾದವರಿಗೆ ಕ್ಲೋರಿನ್ ಗುಳಿಗೆ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ತಪ್ಪಿಲ್ಲ. ಸಂಪಿನ ತಿಳಿನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಬೆರೆಸಿ, ಒಂದು ಗಂಟೆ ಬಿಟ್ಟು ಬಳಸಬೇಕು. ಇಷ್ಟರ ಮೇಲೂ ಮನೆಯಲ್ಲಿ ಯಾರಿಗಾದರೂ ಭೇದಿ ಹಿಡಿದರೆ ಕುಡಿಯಲು ಕೊಡುವುದನ್ನು ನಿಲ್ಲಿಸಬಾರದು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ತಪ್ಪು ತಿಳಿವಳಿಕೆಗೆ ಎಷ್ಟೋ ಕೂಸುಗಳು ಬಲಿಯಾಗಿವೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಸಕ್ಕರೆ-ಉಪ್ಪಿನ ನೀರನ್ನೇ ಕುಡಿಸಿ, ಕಾಲರಾದಿಂದ ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವನ್ನು ಮೂರರ ಆಸುಪಾಸಿಗೆ ಇಳಿಸಿದರು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೀರಿ ಅಳೆಯಬೇಕು, ಉಪ್ಪು ಹೆಚ್ಚಾಗಬಾರದು. ಕೂಸು ಸಪ್ಪಗಾಗಿ ಕಣ್ಣು ಗುಳಿ ಬಿದ್ದರೆ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಪಂಚಾಯಿತಿ ಮತ್ತು ಪಾಲಿಕೆಗಳಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ನೀರು ಬಿಟ್ಟ ದಿನ ಪೈಪಿನ ಕೊನೆಯ ಮನೆಗೆ ಹೋಗಿ, ಆ ನಳದಲ್ಲಿ ಕ್ಲೋರಿನ್ ಎಷ್ಟಿದೆ ನೋಡಿ, ಆ ಅಂಕಿಯನ್ನು ಕಚೇರಿಯ ಹೊರಗೋಡೆಯ ಕರಿಹಲಗೆಯಲ್ಲಿ ತಾರೀಖಿನ ಸಮೇತ ಬರೆದು ಹಾಕಲಿ. 0.2ಕ್ಕಿಂತ ಕಡಿಮೆ ಇದ್ದರೆ ‘ಇಂದು ಕುದಿಸಿ ಕುಡಿಯಿರಿ’ ಎಂದು ಅದರ ಕೆಳಗೇ ಬರೆಯಲಿ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಓದುಗರು ಎದ್ದು ನಿಂತು ಇದೊಂದನ್ನು ಕೇಳಿ ಬರೆಸಿಕೊಂಡೇ ಬರಬೇಕು.